ಕಡವು ಕಾಯುವ ಹೊತ್ತು

ಮೊರೊಕ್ಕೊ ದೇಶದ ಇಬ್ನ್ ಬತೂತ 1342ರ ಸುಮಾರಿಗೆ ನಮ್ಮ ಕರಾವಳಿಗೆ ಬಂದ. ಹೊನ್ನಾವರ, ಬಸ್ರೂರು, ಬಾರ್ಕೂರು ಮೂರೂ ಅವನ ಪುಸ್ತಕದಲ್ಲಿವೆ, ಅವನ ನಾಲಿಗೆಗೆ ಒಗ್ಗುವ ಹಾಗೆ ಹೆಸರು ತಿರುಚಿಕೊಂಡು. ಹೆಚ್ಚಿನ ದೂರ ಹಡಗಿನಲ್ಲೇ ಹೋದವನಾದರೂ ಗೋವೆಯಿಂದ ಕೊಲ್ಲಂವರೆಗಿನ ನೆಲದ ದಾರಿಯನ್ನು ಅವನು ಮನಸ್ಸಿಟ್ಟು ಬರೆದಿದ್ದಾನೆ. ಉದ್ದಕ್ಕೂ ಮರಗಳ ನೆರಳು. ಅರ್ಧ ಮೈಲಿಗೊಂದರಂತೆ ಮರದ ಚಪ್ಪರ, ಒಳಗೆ ಕೂರಲು ಹಲಗೆ, ಪಕ್ಕದಲ್ಲಿ ಬಾವಿ, ಬಾವಿಗೊಬ್ಬ ಆಳು. ಮುಸ್ಲಿಮನಾಗಲಿ ಬೇರೆಯವನಾಗಲಿ, ನಡೆದು ಬಂದವರು ಯಾರಾದರೂ ಅಲ್ಲಿ ಕೂತು ದಣಿವಾರಿಸಿಕೊಳ್ಳಬಹುದು. ಕಳ್ಳರ ಭಯ ಇಲ್ಲವೇ ಇಲ್ಲ. ಉದುರಿದ ಕಾಯನ್ನು ಮರದ ಒಡೆಯನಲ್ಲದೆ ಬೇರೆ ಯಾರೂ ಮುಟ್ಟುವುದಿಲ್ಲ. ರಾತ್ರಿ ಎದುರಾದವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಇಷ್ಟು ನಿರ್ಭಯವಾದ ದಾರಿಯನ್ನು ತಾನು ಕಂಡೇ ಇಲ್ಲ ಎನ್ನುತ್ತಾನೆ ಆತ, ದೆಹಲಿಯ ಆಸ್ಥಾನ ಬಿಟ್ಟು ಹೊರಟ ಮೇಲೆ ದಾರಿಯಲ್ಲಿ ದರೋಡೆಗೆ ಸಿಕ್ಕಿದ್ದವನು.

ಅವನ ಪುಸ್ತಕದಲ್ಲಿ ಸುಲ್ತಾನರಿದ್ದಾರೆ, ಖಾಜಿಗಳಿದ್ದಾರೆ, ಹೊನ್ನಾವರದಲ್ಲಿ ತಾಮ್ರದ ಹರಿವಾಣದಲ್ಲಿ ಬಡಿಸಿದ ಅನ್ನ, ತುಪ್ಪ, ಶುಂಠಿ–ಮಾವಿನ ಉಪ್ಪಿನಕಾಯಿ ಎಲ್ಲ ಇದೆ. ಬಾವಿಯ ಪಕ್ಕ ಕೂತವನ ಹೆಸರು ಮಾತ್ರ ಇಲ್ಲ. ನನಗೆ ಕುತೂಹಲ ಇರುವುದು ಆ ಆಳಿನ ಮೇಲೆ. ನಾನೂ ಅದೇ ಕಸುಬಿನವ: ತ್ರಾಸಿಯಲ್ಲಿ ಹೆದ್ದಾರಿಯ ಪಕ್ಕ ಅಪ್ಪಯ್ಯ ಇಟ್ಟ ಸಣ್ಣ ಹೋಟೆಲನ್ನು ನಡೆಸಿಕೊಂಡು ಬಂದಿದ್ದೇನೆ. ದಾರಿಹೋಕರು ಬರೆದದ್ದನ್ನು ಓದುವ ಚಟ ಅಂಟಿದ್ದು ಗಲ್ಲಾಪೆಟ್ಟಿಗೆಯ ಎದುರು ಕೂತೇ.

ನಮ್ಮ ಊರಿನ ಮೇಲೆ ಹಾದು ಬಡಗಿಗೆ ಹೋಗುವ ದಾರಿಯ ನಿಜವಾದ ಯಜಮಾನರು ಹೊಳೆಗಳು. ಕುಂದಾಪುರದಲ್ಲಿ ಪಂಚಗಂಗಾವಳಿ, ಅರಾಟೆಯಲ್ಲಿ ಸೌಪರ್ಣಿಕೆ. ತ್ರಾಸಿ ದಾಟಿದರೆ ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಅದೇ ಸೌಪರ್ಣಿಕೆ, ನಡುವೆ ರಸ್ತೆಗೆಷ್ಟೋ ಅಷ್ಟೇ ಜಾಗ. ನಾವುಂದ, ಉಪ್ಪುಂದ ಕಳೆದು ಬೈಂದೂರಿನ ಹೊಳೆ. ಒತ್ತಿನೆಣೆಯ ಮುರಕಲ್ಲಿನ ಗುಡ್ಡ ಹತ್ತಿ ಇಳಿದರೆ ಶಿರೂರು. ಆಮೇಲೆ ಭಟ್ಕಳ, ವೆಂಕಟಾಪುರದ ಹೊಳೆ, ಹೊನ್ನಾವರದಲ್ಲಿ ಶರಾವತಿ, ಮುಂದೆ ಅಘನಾಶಿನಿ, ಗಂಗಾವಳಿ, ಕಾಳಿ. ಸೇತುವೆಗಳು ಬರುವ ಮೊದಲು ಎಂಥ ಅವಸರದ ಕಾಲನ್ನೂ ಇವು ಕಟ್ಟಿ ಕೂರಿಸುತ್ತಿದ್ದವು. ದೋಣಿ ಆಚೆ ದಡದಲ್ಲಿದ್ದರೆ ಬಾಯಿಗೆ ಎರಡೂ ಕೈ ಹಿಡಿದು ಕೂ ಹಾಕಬೇಕು. ಇಳಿತದ ಹೊತ್ತಾದರೆ ಕೆಸರು. ಭರತ ಏರುವ ತನಕ ಕಾಯಬೇಕು. ಮಳೆಗಾಲದ ನೆರೆಯಲ್ಲಿ ದೋಣಿ ಒತ್ತುವ ಜಲ್ಲಕ್ಕೆ ನೆಲ ಸಿಗದು. ದೋಣಿಯವ ಆಗುವುದಿಲ್ಲ ಎಂದರೆ ಆಗುವುದಿಲ್ಲ. ಸಾಹೇಬನಿಗೂ ಅದೇ ಮಾತು.

ಕಡವಿನ ಬಾಗಿಲಲ್ಲಿ ಕೂತವರು ಏನು ಮಾಡಬೇಕು? ಮಾತಾಡಬೇಕು. ಪೇಟೆಗೆ ಹೊರಟ ಶೆಟ್ಟರು, ಮೀನಿನ ಬುಟ್ಟಿ ಹೊತ್ತ ಖಾರ್ವಿ ಹೆಂಗಸರು, ಕೊಲ್ಲೂರಿಗೆ ಹರಕೆ ಹೊತ್ತವರು, ತಪ್ಪಿಸಿಕೊಂಡ ಎಮ್ಮೆ ಹುಡುಕುವವನು, ಗುರುತಿಲ್ಲದ ಊರಿನ ಒಬ್ಬ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಹ್ವಾಯ್, ಯಾವ್ ಬದಿಗ್ ಹೊರ್ಟದ್ದ್?” ಎರಡನೆಯದು ಯಾವೂರು, ಮೂರನೆಯದು ಯಾರ ಮನೆ. ದೋಣಿ ಬರುವಷ್ಟರಲ್ಲಿ ಎರಡು ತಲೆಮಾರಿನ ಸಂಬಂಧ ತೆಗೆದಿರುತ್ತಾರೆ. ಸಂಬಂಧ ಸಿಗದವನಿಗೆ ಮುಂದಿನ ಊರಿನಲ್ಲಿ ಯಾರ ಜಗಲಿಯಲ್ಲಿ ಮಲಗಬಹುದು ಎಂದು ಹೇಳಿ ಕಳಿಸುತ್ತಾರೆ. ಆ ಊರಲ್ಲಿ ಅವನು ಹೇಳಬೇಕಾದದ್ದು ಇಷ್ಟೇ: ಕಡವಿನಲ್ಲಿ ಇಂಥವರು ಸಿಕ್ಕಿದ್ದರು. ಜಗಲಿಗೆ ಬಂದವನಿಗೆ ಬೆಲ್ಲದ ತುಂಡು, ತಂಬಿಗೆ ನೀರು. “ಬನಿ, ಕೂಕಣಿ, ಆಸ್ರಿಗೆ ಕುಡೀನಿ.” ಒಂಟಿಯಾಗಿ ಹೊರಟವನು ಒಂಟಿಯಾಗಿ ಉಳಿಯುತ್ತಿದ್ದುದು ಮುಂದಿನ ಹೊಳೆಯ ತನಕ ಮಾತ್ರ. ಈ ದಾರಿಯಲ್ಲಿ ಅಪರಿಚಿತರನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಸಿದ್ದು ನಮ್ಮವರ ಒಳ್ಳೆಯತನಕ್ಕಿಂತ ಹೆಚ್ಚಾಗಿ ಹೊಳೆಯೇ ಎಂದು ನಾನು ತಿಳಿದಿದ್ದೇನೆ.

ಸರಕಾರಕ್ಕೆ ಕಡವು ಆದಾಯದ ಬಾಬತ್ತೂ ಆಗಿತ್ತು. ಮದ್ರಾಸ್ ಸರಕಾರ 1890ರಲ್ಲಿ ಕಾಲುವೆ ಮತ್ತು ಕಡವುಗಳಿಗೆಂದೇ ಒಂದು ಕಾಯಿದೆ ತಂದಿತು. ಏಲಂ ಕೂಗಿ ಗುತ್ತಿಗೆ ಹಿಡಿದವನು ಆಳಿಗಿಷ್ಟು, ಹೊರೆಗಿಷ್ಟು, ದನಕ್ಕಿಷ್ಟು ಎಂದು ವಸೂಲು ಮಾಡುತ್ತಿದ್ದ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಾಲಿನ ಮೇಲೆ ಗಾಡಿ, ಎತ್ತು ದಾಟುತ್ತಿದ್ದವು. ಶಿರೂರಿನಿಂದ ಆಚೆಗೆ ಈ ಲೆಕ್ಕವೂ ಬೇರೆ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿ ಕುಂದಾಪುರವನ್ನು ಮದ್ರಾಸಿಗೇ ಉಳಿಸಿಕೊಂಡ ಮೇಲೆ, 1956ರ ತನಕ ಶಿರೂರು–ಭಟ್ಕಳದ ನಡುವಿನ ಗಡಿ ಎರಡು ಪ್ರಾಂತ್ಯಗಳ ಗಡಿ. ಮದುವೆ ಸಂಬಂಧ, ಯಕ್ಷಗಾನ, ಮೀನು ಇವಕ್ಕೆಲ್ಲ ಆ ಗೆರೆ ಲೆಕ್ಕಕ್ಕೆ ಬರಲಿಲ್ಲ. ಕಾಗದಪತ್ರ ಹಿಡಿದು ಓಡಾಡುವವರಿಗೆ ಮಾತ್ರ ಬಂತು.

ಇನ್ನೊಂದು ಏರ್ಪಾಡು ಹೇಳಬೇಕು. ಹಳೆಯ ದಾರಿಗಳ ಬದಿಯಲ್ಲಿ ಎರಡು ನಿಲುಗಲ್ಲು, ಅವುಗಳ ಮೇಲೆ ಅಡ್ಡಕ್ಕೆ ಒಂದು ಚಪ್ಪಡಿ, ಸರಿಯಾಗಿ ಆಳಿನ ಭುಜದ ಎತ್ತರಕ್ಕೆ. ತಲೆಹೊರೆ ಇಳಿಸುವ ಕಲ್ಲು. ಈಗಿನ ಹುಡುಗರು ಅದನ್ನು ಮುರಿದ ದೇವಸ್ಥಾನದ ಬಾಗಿಲು ಎಂದುಕೊಳ್ಳುತ್ತಾರೆ. ಒಂದು ಮುಡಿ ಅಕ್ಕಿ ಹೊತ್ತವನು ಹೊರೆಯನ್ನು ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಲು ಇನ್ನೊಬ್ಬರ ಕೈ ಬೇಕು. ಆ ಇನ್ನೊಬ್ಬರು ಇಲ್ಲದ ಕಡೆ, ಗುಡ್ಡದ ಏರಿನ ತುದಿಯಲ್ಲಿ, ಕಾಡಿನ ನಡುವೆ, ಯಾರೋ ಈ ಕಲ್ಲು ನೆಡಿಸಿದ್ದಾರೆ. ಕಲ್ಲಿನ ಹತ್ತಿರ ಬಂದು ಸ್ವಲ್ಪ ಮೊಣಕಾಲು ಬಗ್ಗಿಸಿ ತಲೆ ಓರೆ ಮಾಡಿದರೆ ಹೊರೆ ಜಾರಿ ಚಪ್ಪಡಿಯ ಮೇಲೆ ಕೂರುತ್ತದೆ. ಬೆವರು ಒರೆಸಿಕೊಂಡು, ಎಲೆ ಅಡಿಕೆ ಹಾಕಿ, ಹಾಗೆಯೇ ತಲೆ ಕೊಟ್ಟು ಎತ್ತಿಕೊಂಡು ಹೊರಟರಾಯಿತು. ಕೆಲವು ಚಪ್ಪಡಿಗಳ ಮೇಲ್ಮೈ ತಿಕ್ಕಿ ತಿಕ್ಕಿ ಎಣ್ಣೆ ಹಚ್ಚಿದಷ್ಟು ನುಣುಪಾಗಿದೆ.

ಇದನ್ನೆಲ್ಲ ಹೇಳುವಾಗ ಹಿಂದಿನವರು ದೇವರಂಥವರು ಎಂದು ಕಣ್ಣು ಮುಚ್ಚುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಇಬ್ನ್ ಬತೂತನೇ ಮುಂದಿನದನ್ನೂ ಬರೆದಿದ್ದಾನೆ. ಬಾವಿಯ ಆಳು ತನ್ನವರಿಗೆ ಪಾತ್ರೆಯಲ್ಲಿ ನೀರು ಕೊಡುತ್ತಿದ್ದ. ಮುಸ್ಲಿಮನಿಗಾದರೆ ಬೊಗಸೆಗೆ ಮೇಲಿಂದ ಹೊಯ್ಯುತ್ತಿದ್ದ. ಮನೆಯೊಳಗೆ ಬಿಡುತ್ತಿರಲಿಲ್ಲ, ಊಟ ಬಾಳೆಲೆಯ ಮೇಲೆ. ಅಲ್ಲಲ್ಲಿ ಮುಸ್ಲಿಂ ವರ್ತಕರ ಮನೆಗಳಿಲ್ಲದಿದ್ದರೆ ತಮ್ಮಂಥವರಿಗೆ ಈ ದಾರಿಯಲ್ಲಿ ಪ್ರಯಾಣವೇ ಆಗುತ್ತಿರಲಿಲ್ಲ ಎಂದೂ ಹೇಳುತ್ತಾನೆ. ದೂರದೇಶದ ಖಾಜಿಗೇ ಹೀಗಾದರೆ ನಮ್ಮೂರಿನ ಕೊರಗರಿಗೆ, ಹೊಲೆಯರಿಗೆ? ಅರವಟ್ಟಿಗೆಯ ಮಜ್ಜಿಗೆ ಅವರ ಕೈಗೆ ಬಿದ್ದರೆ ಬಿದಿರಿನ ದಬ್ಬೆಯಿಂದ ದೂರ ನಿಂತು ಸುರಿದದ್ದು. ದೋಣಿಯಲ್ಲಿ ಅವರಿಗೆ ಕೊನೆಯ ಸರದಿ. ದಾರಿ ಬಿಡುವುದು ಎಂಬ ಮಾತಿಗೆ ಅವರ ಪಾಲಿಗೆ ಇದ್ದ ಅರ್ಥವೇ ಬೇರೆ. ಕೂಗಿ ತಿಳಿಸಿ ಗದ್ದೆಗೆ ಇಳಿಯಬೇಕಿತ್ತು. 1934ರಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಕುಂದಾಪುರಕ್ಕೆ ಬಂದು ಹೋದ ಮೇಲೂ ಎಷ್ಟೋ ಹೋಟೆಲುಗಳಲ್ಲಿ ಲೋಟ ಎರಡು ಬಗೆ ಇದ್ದವು. ಒಂಟಿ ಪಯಣದ ಸುಖ ಎಲ್ಲರಿಗೂ ದಕ್ಕಿದ್ದಲ್ಲ. ಹೆಂಗಸರ ಮಾತಂತೂ ಬೇರೆಯೇ. ತಲೆಯ ಮೇಲೆ ಬುಟ್ಟಿ ಇದ್ದರೆ ಮಾತ್ರ ಅವರು ಒಬ್ಬರೇ ನಡೆಯಬಹುದಿತ್ತು.

ಬಡಗಿನ ಕಾಡಿನ ದಾರಿಯಲ್ಲಿ ಅಪರಿಚಿತರನ್ನು ಕಂಡು ಬರೆದವರಲ್ಲಿ ನನಗೆ ಹತ್ತಿರದವನು ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ. 1623ರಲ್ಲಿ ಪೋರ್ತುಗೀಸರ ರಾಯಭಾರಿಯ ಜೊತೆಗೂಡಿ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಗೋವೆಯಿಂದ ಹೊರಟವನು ಹೊನ್ನಾವರದಲ್ಲಿ ಇಳಿದು, ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ ಸೇರಿದ. ಘಟ್ಟದ ಮೇಲೆ ಒಂದು ಬೆಳಿಗ್ಗೆ ಸಾಮಾನು ಹೊರೆ ಕಟ್ಟುವುದು ತಡವಾಯಿತು. ಅವನು ದೇವಸ್ಥಾನದ ಜಗಲಿಯಲ್ಲಿ ಕೂತ. ಅಲ್ಲಿ ನಾಲ್ಕು ಹುಡುಗರು ನೆಲಕ್ಕೆ ಸಣ್ಣ ಮರಳು ಹರಡಿಕೊಂಡು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಮಗ್ಗಿ ಎಳೆಯುತ್ತಾನೆ, ಎಳೆಯುತ್ತಲೇ ಬೆರಳಿನಿಂದ ಅಂಕೆ ಬರೆಯುತ್ತಾನೆ. ಉಳಿದವರು ಅದನ್ನೇ ಹಾಡಿ, ಅದನ್ನೇ ಬರೆಯುತ್ತಾರೆ. ನೆಲ ತುಂಬಿತು. ಅಳಿಸಿ ಮತ್ತೆ ಮರಳು ಹರಡಿದರು. ಕಾಗದ ಖರ್ಚಿಲ್ಲ ಎಂದು ವಿವರಿಸಿದರು. ಇವನು ಕೇಳಿದ: ಮೇಷ್ಟರಿಲ್ಲ, ಮರೆತರೆ ತಿದ್ದುವವರು ಯಾರು? ಹುಡುಗರ ಉತ್ತರ: ನಾಲ್ವರೂ ಒಟ್ಟಿಗೆ ಅದೇ ಜಾಗದಲ್ಲಿ ಮರೆಯುವುದು ಆಗದ ಮಾತು, ಒಬ್ಬ ತಪ್ಪಿದರೆ ಇನ್ನೊಬ್ಬನಿಗೆ ನೆನಪಿರುತ್ತದೆ. ಪಾಠ ಕಲಿಯುವ ರೀತಿ ಚೆಂದ, ಸುಲಭ, ಭದ್ರ ಎಂದು ಆತ ಬೆರಗಾಗಿ ಬರೆದಿದ್ದಾನೆ. ಹೊರೆ ಕಟ್ಟುವುದು ತಡವಾಗದಿದ್ದರೆ ಆ ನಾಲ್ಕು ಹುಡುಗರು ಯಾವ ಪುಸ್ತಕಕ್ಕೂ ಬರುತ್ತಿರಲಿಲ್ಲ.

ಇಕ್ಕೇರಿಯಿಂದ ಅವನು ನಮ್ಮ ಬಸ್ರೂರಿಗೆ ಇಳಿದು ತೆಂಕಲಿಗೆ ಹೋದ. ಮಂಗಳೂರಿನ ಆಚೆ, ದಾರಿಯಲ್ಲೇ, ಉಳ್ಳಾಲದ ರಾಣಿ ಅಬ್ಬಕ್ಕ ಎದುರಾದಳು; ಬರಿಗಾಲು, ತಲೆಯ ಮೇಲೆ ತಾಳೆಗರಿಯ ಕೊಡೆ, ಸುತ್ತ ಕಾಲಾಳುಗಳು. ಯಾವ ದೇಶದವನು, ಈ ಕಾಡುಗಳಲ್ಲಿ ಏನು ನೋಡಲು ತಿರುಗುತ್ತಿದ್ದೀಯೆ ಎಂದು ಅವಳು ವಿಚಾರಿಸಿದಳು. ಕಡವಿನ ಬಾಗಿಲಿನ ಪ್ರಶ್ನೆಯೇ, ರಾಣಿಯ ಬಾಯಲ್ಲಿ. ಎರಡು ವರ್ಷದ ಹಿಂದೆ ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಕೆಡದಂತೆ ಮಾಡಿ, ರೋಮಿನಲ್ಲಿ ಮಣ್ಣು ಮಾಡಲೆಂದು ದೇಶ ದೇಶ ದಾಟಿಸುತ್ತಿದ್ದ ಮನುಷ್ಯ ಅವನು.

ಫ್ರಾನ್ಸಿಸ್ ಬುಕಾನನ್ ಬಂದದ್ದು 1801ರಲ್ಲಿ, ಟಿಪ್ಪು ಸತ್ತು ಕಂಪನಿಯ ಆಡಳಿತ ಬಂದ ಹೊಸತರಲ್ಲಿ. ಕುಂದಾಪುರ, ಬೈಂದೂರು, ಭಟ್ಕಳ ಎಂದು ಇದೇ ದಾರಿಯಲ್ಲಿ ಬಡಗಿಗೆ ಹೋದ. ಅವನದು ಒಂಟಿ ಪಯಣವಲ್ಲ, ಸರಕಾರಿ ಸವಾರಿ. ದುಭಾಷಿಗಳು, ಆಳುಗಳು, ಡೇರೆ. ಸಿಕ್ಕವರನ್ನೆಲ್ಲ ಗದ್ದೆಗೆ ಬೀಜ ಎಷ್ಟು, ಗೇಣಿ ಎಷ್ಟು, ಆಳಿನ ಕೂಲಿ ಎಷ್ಟು ಎಂದು ಕೇಳಿದ. ಉಪಯೋಗದ ಪುಸ್ತಕ. ಆದರೆ ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟವರು ತಿರುಗಿ ಅವನನ್ನು ಏನು ಕೇಳಿದರು ಎಂಬುದು ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಅಪ್ಪಯ್ಯ ಹೋದದ್ದೂ ಹೆಚ್ಚುಕಡಿಮೆ ದೆಲ್ಲಾ ವಾಲೆಯ ದಾರಿಯಲ್ಲೇ. ಮೀಸೆ ಮೂಡದ ವಯಸ್ಸಿಗೆ, ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ಮಾಣಿಯಾಗಲು. ನಮ್ಮ ಸೀಮೆಯ ಹುಡುಗರು ಹಾಗೆ ಹೊರಟದ್ದಕ್ಕೆ ಲೆಕ್ಕವಿಲ್ಲ. ಗೇಣಿ ಕೊಟ್ಟು ಉಳಿದ ಅಕ್ಕಿ ಆಟಿಯ ತನಕ ಬರುತ್ತಿರಲಿಲ್ಲ. ಮನೆಯಲ್ಲಿ ಒಂದು ಬಾಯಿ ಕಡಿಮೆಯಾದರೆ ಅಷ್ಟೇ ಲಾಭ. ಹೊನ್ನಾವರದ ತನಕ ನಡೆದು, ಹೊಳೆಹೊಳೆಗೂ ಕಾದು, ಅಲ್ಲಿಂದ ಸರಕಿನ ದೋಣಿಯಲ್ಲಿ ಗೇರುಸೊಪ್ಪೆ. ಘಟ್ಟಕ್ಕೆ ಗಾಡಿಗಳು ರಾತ್ರಿಯೇ ಹತ್ತುತ್ತಿದ್ದವಂತೆ, ಬಿಸಿಲಿಗೆ ಎತ್ತು ಸೋಲುತ್ತವೆಂದು. ಹುಲಿಯ ಹೆದರಿಕೆಗೆ ಹತ್ತಾರು ಗಾಡಿ ಒಂದರ ಹಿಂದೆ ಒಂದು, ಅಚ್ಚಿನ ಕೆಳಗೆ ತೂಗುವ ಲಾಟೀನು. ಮೊದಲನೆಯ ಗಾಡಿಯವನಿಗೆ ನಿದ್ದೆ ಹತ್ತಿದರೆ ಇಡೀ ಸಾಲು ಕಣಿವೆಗೆ. ಆತ ಅಪ್ಪಯ್ಯನನ್ನು ಮೂಕಿಯ ಪಕ್ಕ ಕೂರಿಸಿಕೊಂಡು ಕೇಳಿದನಂತೆ: “ಕುಂದಾಪ್ರ ಬದಿಯವ್ನಾ? ಹಂಗಾರೆ ಪದ್ಯ ಬತ್ತದೆ.” ಮಾರಣಕಟ್ಟೆ ಮೇಳದ ಯಕ್ಷಗಾನ ನೋಡಿ ನೋಡಿ ಬಾಯಿಗೆ ಬಂದ ಪದ್ಯಗಳನ್ನೆಲ್ಲ ಹುಡುಗ ಮಾವಿನಗುಂಡಿ ಬರುವ ತನಕ ಹಾಡಿದ. ದಮಯಂತಿಯದು ಮುಗಿದರೆ ಅಭಿಮನ್ಯು. ನಿಲ್ಲಿಸಿದರೆ ಹಿಂದಿನ ಗಾಡಿಯಿಂದ ಬೈಗುಳ. ಬೆಳಿಗ್ಗೆ ಒಂದು ಪಾವು ಅವಲಕ್ಕಿ, ಬೆಲ್ಲ, ತಾಳಗುಪ್ಪದ ರೈಲಿಗೆ ಯಾರ ಜೊತೆ ಹೋಗಬೇಕೆಂಬ ಸೂಚನೆ. ಗಾಡಿಯವನ ಹೆಸರನ್ನು ಅಪ್ಪಯ್ಯ ಕೇಳಿರಲಿಲ್ಲ. ಆದರೆ ಅವನ ಬಲಗಡೆಯ ಎತ್ತಿನ ಹೆಸರು ಅವರಿಗೆ ಸಾಯುವ ತನಕ ನೆನಪಿತ್ತು.

ಹುಬ್ಬಳ್ಳಿಯಿಂದ ದುಡ್ಡು ಮಾಡಿಕೊಂಡು ಬಂದು ಅವರು ಇಲ್ಲಿ ಹೋಟೆಲು ಇಡುವ ಹೊತ್ತಿಗೆ ಬಸ್ಸು ಓಡುತ್ತಿತ್ತು. ಬಸ್ಸು ಬಂದ ಕೂಡಲೇ ಕಡವು ಹೋಗಲಿಲ್ಲ. ಬಹಳ ಕಾಲ ಹೊಳೆಯ ಈಚೆಗೆ ಒಂದು ಬಸ್ಸು, ಆಚೆಗೆ ಇನ್ನೊಂದು. ನಡುವೆ ಜನ ಇಳಿದು, ಚೀಲ ಹೊತ್ತು, ದೋಣಿ ಹತ್ತಿ, ಮುಂದಿನ ಬಸ್ಸಿಗೆ ಓಡಬೇಕು. ದಡದ ಹೋಟೆಲುಗಳು ಬೆಳೆದದ್ದು ಆ ಓಟದ ನಡುವಿನ ಬಿಡುವಿನಲ್ಲಿ. ಸೇತುವೆಗಳು ಒಂದೊಂದಾಗಿ ಎದ್ದ ಹಾಗೆ ಆ ಹೋಟೆಲುಗಳೂ ಒಂದೊಂದಾಗಿ ಮುಚ್ಚಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಘಟ್ಟದ ಮೇಲಿನ ಎಷ್ಟೋ ದಾರಿಗಳು ಮುಳುಗಿದವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿ, ತ್ರಾಸಿಗೆ ಹತ್ತಿರದ ಸೇನಾಪುರದಲ್ಲೂ ಒಂದು ನಿಲ್ದಾಣವಾಯಿತು. ಹದಿನೇಳನೇ ನಂಬರಿನ ಹೆದ್ದಾರಿ ಅರವತ್ತಾರಾಗಿ, ಆಮೇಲೆ ಚತುಷ್ಪಥವಾಗಿ, ಪನವೇಲಿನಿಂದ ಕನ್ಯಾಕುಮಾರಿಗೆ ಹೋಗುವ ಒಂಟಿ ಸವಾರನಿಗೆ ನಮ್ಮಲ್ಲಿ ನಿಲ್ಲಲು ಈಗ ಕಾರಣ ಎರಡೇ: ಮೂತ್ರ ಮತ್ತು ಮೊಬೈಲಿನ ಚಾರ್ಜು. ನಿಂತವರು ಸಜ್ಜನರೇ. ಬನ್ಸ್ ತಿಂದು, ಈ ಭಾಗದ ಜನ ಬಹಳ ಒಳ್ಳೆಯವರು ಎಂದು ಹೊಗಳಿ ಹೋಗುತ್ತಾರೆ. ಪ್ರಶ್ನೆ ಕೇಳುವಷ್ಟು ಹೊತ್ತು ನಮಗೂ ಸಿಗುವುದಿಲ್ಲ.

ಲಾರಿಯವರು ಮಾತ್ರ ಇನ್ನೂ ಹಳೆಯ ಲೆಕ್ಕದಲ್ಲಿದ್ದಾರೆ. ಎಲ್ಲಿ ನಿಲ್ಲಬೇಕು, ಎಲ್ಲಿ ಸ್ನಾನಕ್ಕೆ ನೀರು, ಯಾರ ಹೋಟೆಲಿನಲ್ಲಿ ಬಾಕಿ ಬರೆಸಬಹುದು ಎಂಬುದು ಅವರಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಹಾಗಾಗಿ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆಬದಿಯ ಚಾ ಹೋಟೆಲು 
ಮನೆಮಂದಿಯ ಸಮೇತ ಹೋದ ಸುದ್ದಿ ಬಂದಾಗ ನಮ್ಮ ಬೆಂಚುಗಳ ಮೇಲೆ ಕೂತವರಿಗೆ ಅದು ಪೇಪರಿನ ಸುದ್ದಿಯಾಗಿರಲಿಲ್ಲ. ಅಲ್ಲಿ ಚಾ ಕುಡಿದವರು ಅವರಲ್ಲಿದ್ದರು. ಲಾರಿಗಳು ಗಂಗಾವಳಿಗೆ ಹೋದವು. ಕೇರಳದ ಒಬ್ಬ ಚಾಲಕನ ದೇಹ ಸಿಕ್ಕಿದ್ದು ಎರಡು ತಿಂಗಳು ಕಳೆದು, ಸೆಪ್ಟೆಂಬರಿನಲ್ಲಿ, ಹೊಳೆಯಡಿಯ ಲಾರಿಯೊಳಗೆ. ಅದರ ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆ ಸೇತುವೆ ಕುಸಿದು, ತಮಿಳುನಾಡಿನ ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಬದುಕಿಸಿ ತಂದದ್ದು ಪೊಲೀಸರು ಮತ್ತು ಅಲ್ಲಿನ ಮೀನುಗಾರರು, ದೋಣಿಯಲ್ಲಿ.

ಆ ಮಳೆಗಾಲ ಕಳೆದ ಮೇಲೆ ನಾನೂ ಒಮ್ಮೆ ಸ್ಕೂಟರಿನಲ್ಲಿ ಬಡಗಿಗೆ ಹೋದೆ, ಹೋಟೆಲನ್ನು ಮಗನಿಗೆ ಬಿಟ್ಟು. ಕುಮಟೆಯ ಹತ್ತಿರ ಹೆದ್ದಾರಿ ಬಿಟ್ಟು ಅಘನಾಶಿನಿ ಊರಿಗೆ ಇಳಿದರೆ ಅಲ್ಲಿ ತದಡಿಗೆ ದಾಟಲು ಇನ್ನೂ ಬಾರ್ಜು ಇದೆ. ಅದು ಆಚೆ ದಡದಲ್ಲಿತ್ತು. ಕಾಯಬೇಕಾಯಿತು. ಪಕ್ಕದಲ್ಲಿ ಬಳಚಿನ, ಎಂದರೆ ಚಿಪ್ಪುಮೀನಿನ, ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ನನ್ನ ಸ್ಕೂಟರಿನ ನಂಬರು ನೋಡಿದಳು, ಹೆಲ್ಮೆಟ್ಟು ನೋಡಿದಳು.

“ಯಾವೂರಾಯ್ತು ತಮಾ?”

ತ್ರಾಸಿ ಎಂದೆ. ಗೊತ್ತಿಲ್ಲ ಎಂದಳು. ಗಂಗೊಳ್ಳಿಯ ಹತ್ತಿರ ಎಂದ ಮೇಲೆ ಮುಖ ಅರಳಿತು. ಗಂಗೊಳ್ಳಿಯ ಬೋಟಿನಲ್ಲಿ ಅವಳ ತಮ್ಮ ದುಡಿದಿದ್ದನಂತೆ. ಎಲ್ಲಿಗೆ ಹೊರಟದ್ದು? ಕಾರವಾರಕ್ಕೆ. ಯಾರಿದ್ದಾರೆ ಅಲ್ಲಿ? ಯಾರೂ ಇಲ್ಲ, ಸುಮ್ಮನೆ ದಾರಿ ನೋಡಲು. ಈ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಹೆಂಡತಿ ಇದ್ದಾಳಾ, ಜಗಳವಾ ಎಂದು ಕೇಳಿದಳು. ಇಲ್ಲ ಎಂದರೂ ನಂಬಿದ ಹಾಗೆ ಕಾಣಲಿಲ್ಲ. ಬಾರ್ಜು ಬಂತು. ಹತ್ತಿದ ಮೇಲೆ, ಹೇಗೂ ಕೆಲಸವಿಲ್ಲದೆ ತಿರುಗುವವನು ತಾನೇ, ಗೋಕರ್ಣದ ಪೇಟೆಗೆ ಬುಟ್ಟಿ ಮುಟ್ಟಿಸು ಎಂದು ತೀರ್ಮಾನ ಹೇಳಿದಳು. ಬುಟ್ಟಿ ನನ್ನ ಕಾಲಿನ ಬಳಿ, ಅವಳು ಹಿಂದೆ. ದಾರಿಯುದ್ದಕ್ಕೂ ನಿಧಾನ, ನಿಧಾನ ಎಂದು ಬೆನ್ನಿಗೆ ಕುಟ್ಟುತ್ತಿದ್ದಳು.

ಪೇಟೆಯಲ್ಲಿ ಇಳಿದು ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಹಿಡಿದಳು. ಬೇಡವೆಂದೆ. “ಬಾರ್ಜಿನವ್ಗೆ ಕೊಟ್ಟೆ, ನಿಂಗೆ ಎಂತಕ್ಕೆ ಬ್ಯಾಡ?” ಎಂದು ಗದರಿ, ಎರಡು ಬೊಗಸೆ ಬಳಚು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಹ್ಯಾಂಡಲಿಗೆ ಸಿಕ್ಕಿಸಿದಳು. ಅದನ್ನು ನಾನೇನು ಮಾಡಲಿ? ರಾತ್ರಿ ಅಂಕೋಲೆಯಲ್ಲಿ ತಂಗಿದ ಕಡೆ ಅಡುಗೆಯಾಕೆಗೆ ಕೊಟ್ಟೆ. ಕಾಯಿತುರಿ ಹಾಕಿ ಸುಕ್ಕ ಮಾಡಿ, ಅಲ್ಲಿದ್ದ ಇಬ್ಬರು ಲಾರಿಯವರಿಗೂ ಬಡಿಸಿದಳು. ಬೆಳಿಗ್ಗೆ ಬಿಲ್ಲಿನಲ್ಲಿ ಊಟದ್ದು ಹಿಡಿದಿರಲಿಲ್ಲ, ಬರೀ ಮಲಗಿದ್ದಕ್ಕೆ ಬರೆದಿದ್ದರು.